ಸಾಹುಕಾರರ ಗಿಡ್ಡ ಕೋಳಿಗಳು

ಸತ್ತವರನ್ನು ನೆನೆದರೆ ಕಣ್ಣಲ್ಲಿ ನೀರು ಬರಬೇಕಂತೆ. ನನಗೆ ಬರುವುದು ಸಿಟ್ಟು. ಶಿಕಾರಿಪುರದಿಂದ ಬಂದ ಗಿರಾಕಿಯೊಬ್ಬರು ಅಳತೆ ಕೊಡುತ್ತ ನಿಂತವರು, "ನೀವು ಮೊದಲು ಬಾಡಿಗಿಗಿದ್ರಲ್ಲ, ಆ ಸಾವ್ಕಾರ್ರು ಹೋಗ್ಬಿಟ್ರಂತ್ರೀ" ಎಂದರು. ನಾನು ಟೇಪು ಕೊರಳಿಗೆ ಹಾಕಿಕೊಂಡು ಆಡಿದ ಮೊದಲ ಮಾತು, "ಅಯ್ಯೋ ಪುಣ್ಯಾತ್ಮಾ, ನಮ್ಮನ್ನ ಎಷ್ಟು ಗೋಳು ಹುಯ್ಕೊಂಡ್ರಿ" ಎಂಬುದು. ಗಿರಾಕಿಗೆ ಇದು ಎಂಥ ಮನುಷ್ಯ ಅನ್ನಿಸಿರಬೇಕು. ಒಳಗೆ ಗುಂಡಿ ಹಚ್ಚುತ್ತಿದ್ದ ನನ್ನ ಹೆಂಡತಿ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುವುದೋ ನಗುವುದೋ ತಿಳಿಯದೆ ಕೂತಿದ್ದಳು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಮೊಮ್ಮಕ್ಕಳು ಅದೇ ಬೀದಿಯಲ್ಲಿ ಮರ್ಯಾದೆಯಿಂದ ಅಂಗಡಿ ನಡೆಸಿಕೊಂಡಿದ್ದಾರೆ. ತಮ್ಮ ಮನೆಯ ಹಿತ್ತಲಲ್ಲಿ ಒಂದು ಕಾಲಕ್ಕೆ ಕೋಳಿಗಳಿದ್ದವು ಎಂದು ಅಚ್ಚಿನಲ್ಲಿ ಓದುವ ಹಣೆಬರಹ ಅವರಿಗೆ ಬೇಡ.

ನಯಾಪೈಸೆ ಹೊಸದಾಗಿ ಬಂದು, ಆಣೆಯ ಲೆಕ್ಕ ಮರೆಯಲಾಗದೆ ಜನ ಅಂಗಡಿ ಅಂಗಡಿಯಲ್ಲೂ ತಕರಾರು ತೆಗೆಯುತ್ತಿದ್ದ ದಿನಗಳು. ನಾನು ಹೊಲಿಗೆ ಮಷೀನು ಹೊತ್ತುಕೊಂಡು ಶಿಕಾರಿಪುರಕ್ಕೆ ಬಂದಿದ್ದೆ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮನೆ ಸಿಗುತ್ತಿರಲಿಲ್ಲ. ನಾವು ಮಾಂಸ ತಿನ್ನುವವರು ಎಂದು ತಿಳಿದ ಕೂಡಲೇ ಅರ್ಧ ತೆರೆದ ಬಾಗಿಲು ಅಲ್ಲಿಗೇ ಮುಚ್ಚುತ್ತಿತ್ತು. ಹೀಗಿರುವಾಗ ಲಿಂಗಾಯತರ ಬೀದಿಯ ಕಿರಾಣಿ ಸಾಹುಕಾರರು, ಹಣೆತುಂಬ ವಿಭೂತಿ ಧರಿಸಿದವರು, ತಾವಾಗಿಯೇ ನನ್ನನ್ನು ಅಂಗಡಿಯೊಳಕ್ಕೆ ಕರೆದರು.

"ಟೇಲರ್ರೇ, ನಿಮ್ಮ ಮನ್ಯಾರು ಯಾವ ಕಡಿಯೋರು?"

"ಸೊರಬದ ಕಡೆ ರೀ. ಉಳವಿ."

"ತೌರುಮನ್ಯಾಗ ಕೋಳಿ ಸಾಕಿದ್ರೇನು?"

ಇದೂ ಹೋಯಿತು ಅಂದುಕೊಂಡೆ. ಸುಳ್ಳು ಹೇಳಿದರೆ ನಾಳೆ ಗೊತ್ತಾಗುವುದು ತಪ್ಪುವುದಿಲ್ಲ. "ಸಾಕಿದ್ರು ರೀ" ಅಂದೆ.

"ಕಾವಿಗೆ ಕೂರಿಸೋದು, ಮರಿ ಎಬ್ಬಿಸೋದು, ಎಲ್ಲಾ ಬರ್ತೈತೇನು ಅವ್ರಿಗೆ?"

"ಬರ್ತೈತಿ."

"ಹಂಗಾರ ನಮ್ಮ ಹಿತ್ಲಾಗ ಎರಡು ಕೋಣೆ ಖಾಲಿ ಅದಾವ. ನಾಳೇನೇ ಬರ್ರಿ. ಒಂದೇ ಮಾತು. ಹಿತ್ಲಾಗ ಇರೋಮಟ ಆ ಒಲಿ ಮ್ಯಾಲೆ ಬರೀ ಕಾಯಿಪಲ್ಲೆ."

ನಾನು ದೇವರೇ ಬಂದನೆಂದು ಖುಷಿಪಟ್ಟೆ. ಯಾವ ದೇವರು ಬಂದನೆಂದು ಮರುದಿನ ಸಾಮಾನು ಇಳಿಸುವಾಗ ತಿಳಿಯಿತು. ಹಿತ್ತಲು ಎಂದರೆ ಎರಡು ಮಗ್ಗುಲು ಗೋಡೆ, ಒಂದು ಬಾವಿ, ಒಂದು ನುಗ್ಗೆಮರ. ಉಳಿದ ಜಾಗದಲ್ಲೆಲ್ಲ ಕೋಳಿ. ಅಂಥ ಕೋಳಿಯನ್ನು ನಾನು ನೋಡಿರಲಿಲ್ಲ. ಪಾರಿವಾಳಕ್ಕಿಂತ ಸ್ವಲ್ಪ ದೊಡ್ಡವು. ಕಾಲ ಬೆರಳಿನವರೆಗೂ ಪುಕ್ಕ. ಇಂಗ್ಲಿಷಿನಲ್ಲಿ ಅವಕ್ಕೆ ಬ್ಯಾಂಟಮ್ ಎನ್ನುತ್ತಾರೆಂದು ಆಮೇಲೆ ಯಾರೋ ಹೇಳಿದರು. ನಮಗೆ ಅವು ಗಿಡ್ಡ ಕೋಳಿ. ಗಿಡ್ಡವಾಗಿದ್ದದ್ದು ಮೈ ಮಾತ್ರ. ಹುಂಜ ಕೂಗಿದರೆ ದೊಡ್ಡ ಬೀದಿಯ ಆ ತುದಿಗೆ ಕೇಳಿಸುತ್ತಿತ್ತು.

ಮಾಂಸವನ್ನು ಕಣ್ಣೆತ್ತಿ ನೋಡದ ಮನೆತನದವರು ಕೋಳಿ ಸಾಕಿದ್ದು ಹೇಗೆ ಎಂದು ನೀವು ಕೇಳುತ್ತೀರಿ. ಊರೇ ಕೇಳುತ್ತಿತ್ತು. ವರ್ಗವಾಗಿ ಹೊರಟ ಒಬ್ಬ ದೊಡ್ಡ ಅಧಿಕಾರಿ ಶೋಕಿಗೆ ಸಾಕಿದ್ದ ಜೋಡಿಯೊಂದನ್ನು ತನ್ನ ಜವಾನನಿಗೆ ಕೊಟ್ಟು ಹೋಗಿದ್ದ. ಜವಾನ ಎರಡನ್ನೂ ಕಂಕುಳಲ್ಲಿ ಇರುಕಿಕೊಂಡು ಸೀದಾ ಇವರ ಅಂಗಡಿಗೆ ಬಂದು ಕೊತ್ತಂಬರಿ, ಮೆಣಸು, ಚಕ್ಕೆ, ಲವಂಗ ಕಟ್ಟಿಕೊಡಿ ಎಂದನಂತೆ. ಸಾಹುಕಾರರು ತಕ್ಕಡಿ ಎತ್ತಿದವರು ಕೆಳಗಿಟ್ಟರು. ಮಸಾಲೆಯನ್ನು ಪುಕ್ಕಟೆ ಕೊಟ್ಟು ಕೋಳಿಗಳನ್ನು ಇಸಿದುಕೊಂಡರು. ಮಸಾಲೆ ಕಟ್ಟಿಕೊಂಡು ಕೋಳಿ ಇಲ್ಲದೆ ಮನೆಗೆ ಹೋದ ಆ ಜವಾನನ ಗತಿ ಏನಾಯಿತೋ.

"ಅದರ ಕಾಲು ನೋಡಿದ್ರೇನ್ರೀ ಟೇಲರ್ರೇ?" ಎನ್ನುತ್ತಿದ್ದರು ನನಗೆ. "ಸಣ್ಣ ಹುಡುಗ ಅವರಪ್ಪನ ಪೈಜಾಮ ಹಾಕ್ಕೊಂಡಂಗಿಲ್ಲೇನು? ಅದನ್ನ ಕೊಯ್ಯಾಕ ಯಾರಿಗರ ಮನಸು ಬರ್ತೈತೇನು?"

ನನಗೆ ಬರುತ್ತಿತ್ತು. ಹೇಳುವಂತಿರಲಿಲ್ಲ.

ಜೋಡಿಯಾಗಿ ಬಂದದ್ದು ಹಿತ್ತಲು ತುಂಬಿದ್ದಕ್ಕೆ ಕಾರಣ ಅವರ ನೇಮ. ಮೊಟ್ಟೆ ತಿನ್ನುವಂತಿಲ್ಲ, ಸರಿ. ಮಾರುವಂತಿಲ್ಲ, ಕೊಂಡವನು ತಿನ್ನುತ್ತಾನೆ. ಎಸೆಯುವಂತಿಲ್ಲ, ಜೀವ ಇದೆ. ಉಳಿದದ್ದು ಒಂದೇ ದಾರಿ, ಕಾವಿಗೆ ಇಡುವುದು. ಗಿಡ್ಡ ಕೋಳಿಗಳಿಗಾದರೋ ಕಾವಿಗೆ ಕೂರುವುದೆಂದರೆ ಎಲ್ಲಿಲ್ಲದ ಆಸೆ. ಬೇರೆ ಕೋಳಿ ಹಾಕಿದ ಮೊಟ್ಟೆಯಾದರೂ ಸರಿ, ಕೊನೆಗೆ ಬಾವಿಕಟ್ಟೆಯ ನುಣ್ಣನೆಯ ಕಲ್ಲಾದರೂ ಸರಿ, ರೆಕ್ಕೆ ಹರಡಿ ಕೂತುಬಿಡುತ್ತಿದ್ದವು. ಒಂದು ಹೇಂಟೆಯಂತೂ ನಾನು ಹೊಲಿಯಲು ಇಟ್ಟುಕೊಂಡಿದ್ದ ರೇಷ್ಮೆ ಕುಪ್ಪಸದ ಕಣದ ಮೇಲೆ ಕೂತು ಅಲ್ಲೇ ಮೊಟ್ಟೆಯಿಟ್ಟಿತು. ಎಬ್ಬಿಸಲು ಹೋದೆ. ಸಾಹುಕಾರರು ಓಡಿಬಂದರು.

"ಬ್ಯಾಡ್ರೀ, ಬ್ಯಾಡ್ರೀ! ಕೂತಿದ್ದನ್ನ ಎಬ್ಬಿಸಿದ್ರ ಮತ್ತ ಕೂರಂಗಿಲ್ಲ ಅದು."

"ಸಾವ್ಕಾರ್ರೇ, ಅದು ಬೇರೆಯವರ ರೇಷ್ಮೆ! ನಾಳೆ ಮದ್ವಿಗೆ ತೊಡಬೇಕು ಅವ್ರು!"

"ಮದ್ವಿ ಏನ್ರೀ, ಒಂದು ದಿನದ್ದು" ಎಂದರು ಅವರು.

ಆ ಕಣದ ಬದಲಿಗೆ ನಾನು ನನ್ನ ಕೈಯಿಂದಲೇ ದುಡ್ಡು ಹಾಕಿ ಹೊಸದು ತಂದು ಹೊಲಿದುಕೊಟ್ಟೆ. ಹಳೆಯದರ ಮೇಲೆ ಮರಿಗಳಾದವು.

ಹುಂಜಗಳು ಹೆಚ್ಚಾದಾಗ ಯಾರಿಗಾದರೂ ದಾನ ಕೊಡಬೇಕೆಂದು ಅವರಿಗೂ ಅನ್ನಿಸುತ್ತಿತ್ತು. ಆದರೆ ಪಡೆಯುವವನು ಮೊದಲು ಅವರ ವಿಭೂತಿ ಗಟ್ಟಿಯನ್ನು ಮುಟ್ಟಿ, ಕೊಯ್ಯುವುದಿಲ್ಲ ಎಂದು ಆಣೆ ಮಾಡಬೇಕು. ಆಣೆ ಮಾಡಿ ಒಯ್ದವರು ವಾರ ಕಳೆಯುವುದರೊಳಗೆ ಹಿಂದಕ್ಕೆ ತಂದು ಬಿಡುತ್ತಿದ್ದರು. ಕುದುರೆಗಾಡಿಯ ಸಾಬರೊಬ್ಬರು ಹುಂಜವನ್ನು ಜಗಲಿಯ ಮೇಲೆ ಇಳಿಸಿ, "ತಗೊಳ್ರಿ ಸಾವ್ಕಾರ್ರೇ, ತಿನ್ನಬಾರದ್ದನ್ನ ಸಾಕಾಕೆ ನನಗೆ ಕುದುರೆ ಒಂದು ಸಾಕು" ಎಂದು ಹೇಳಿಹೋದರು. ಸಾಹುಕಾರರಿಗೆ ಅದರಿಂದ ಬೇಜಾರಾಗಲಿಲ್ಲ. ಹುಂಜ ಸೊರಗಿಹೋಗಿದೆ ಎಂದು ನುಚ್ಚು ತರಲು ಅಂಗಡಿಗೆ ಹೋದರು.

ಬೆಳಿಗ್ಗೆ ಅವರು ಹಿತ್ತಲಿಗೆ ಬರುವ ಠೀವಿಯೇ ಬೇರೆ. ಇನ್ನೂ ಸ್ನಾನವಾಗಿರುವುದಿಲ್ಲ, ಕೋಳಿ ಮುಟ್ಟಿದ ಮೇಲೆಯೇ ಸ್ನಾನ, ಪೂಜೆ. ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ತೂಗಾಡುತ್ತಿರುತ್ತದೆ. ಅವರು ಬಗ್ಗಿ ನುಚ್ಚು ಹರಡುವಾಗ ಮರಿಗಳು ಅದನ್ನೇ ಕಾಳೆಂದು ಕುಕ್ಕುತ್ತವೆ. ಒಂದು ಕೈಯಲ್ಲಿ ಕರಡಿಗೆ ಮುಚ್ಚಿಕೊಂಡು, ಇನ್ನೊಂದರಲ್ಲಿ ಮರಿಗಳನ್ನು ಸವರುತ್ತ, "ತಡ್ರೆವ್ವಾ, ತಡ್ರಿ, ಅದು ನಿಮ್ಮದಲ್ಲ" ಎನ್ನುತ್ತಿದ್ದರು. ಹೆಂಡತಿ ಮಕ್ಕಳನ್ನು ಏಕವಚನದಲ್ಲಿ ಗದರುವ ಮನುಷ್ಯ ಕಾವಿಗೆ ಕೂತ ಹೇಂಟೆಗೆ ಬಹುವಚನ ಕೊಡುತ್ತಿದ್ದರು. "ಏಳ್ರಿ ತಾಯಿ, ಒಂದೀಟು ನೀರು ಕುಡ್ದು ಬರ್ರಿ." ಅದು ಏಳುವುದಿಲ್ಲ. ಇವರು ಬಿಡುವುದಿಲ್ಲ. ಅಂಗಡಿಯ ಮುಂದೆ ಗಿರಾಕಿಗಳು ಕೂಗಿ ಕೂಗಿ ಪಕ್ಕದಂಗಡಿಗೆ ಹೋಗುತ್ತಿದ್ದರು.

ಅವರ ಮನೆಯವರು, ನಾವು ಅವ್ವಾರು ಎನ್ನುತ್ತಿದ್ದೆವು, ಹಿಂಬಾಗಿಲ ಹೊಸ್ತಿಲನ್ನು ದಾಟಿ ಹಿತ್ತಲಿಗೆ ಕಾಲಿಟ್ಟದ್ದನ್ನು ನಾನು ಆ ದಿನಗಳಲ್ಲಿ ನೋಡಿರಲಿಲ್ಲ. ಒಳಗಿಂದಲೇ ಕೂಗುತ್ತಿದ್ದರು: "ಮನಿ ಅನ್ನಾಕ ನಾಚಿಕಿ ಆಗ್ತೈತಿ ನಂಗ. ಟೇಲರಪ್ಪ, ನೀನರ ಹೇಳೋ, ಹಿಡಕೊಂಡು ಹೋಗಿ ಏನರ ಮಾಡೋ ಅವನ್ನ!" ಆ 'ಏನರ' ಎಂಬ ಮಾತಿನಲ್ಲಿ ಏನೇನು ಸೇರಿತ್ತೆಂದು ನನಗೂ ನನ್ನ ಹೆಂಡತಿಗೂ ಗೊತ್ತಿತ್ತು. ನಾವು ಬಾಯಿ ಚಪ್ಪರಿಸಿಕೊಂಡು ಸುಮ್ಮನಿರುತ್ತಿದ್ದೆವು.

ಇಡೀ ಹಿತ್ತಲು ಕೋಳಿ ತುಂಬಿರುವಾಗ ವಾರವಿಡೀ ಬದನೆಕಾಯಿ ತಿನ್ನುವ ಕಷ್ಟ ಅನುಭವಿಸಿದವರಿಗೇ ಗೊತ್ತು. ತಡೆಯಲಾರದೆ ಉಳವಿಗೆ ಹೋಗಿ ಮಾವನ ಮನೆಯಲ್ಲಿ ಉಂಡು ಬರುತ್ತಿದ್ದೆವು. ಬಂದ ದಿನ ಸಾಹುಕಾರರು ನಮ್ಮನ್ನು ಕೋಳಿಗಳ ಹತ್ತಿರ ಬಿಡುತ್ತಿರಲಿಲ್ಲ. "ಇವತ್ತೊಂದಿನ ದೂರ ಇರ್ರಿ ಟೇಲರ್ರೇ. ನಿಮಗ ತಿಳಿಯಂಗಿಲ್ಲ, ಅವಕ್ಕ ವಾಸನಿ ತಿಳೀತೈತಿ" ಎನ್ನುತ್ತಿದ್ದರು. ಜಗಳಕ್ಕೆ ನಿಲ್ಲಬೇಕೆನಿಸುತ್ತಿತ್ತು. ಆದರೆ ಅವರು ಅದನ್ನು ಹೇಳುವಾಗ ಮುಖದಲ್ಲಿ ತಾತ್ಸಾರ ಇರುತ್ತಿರಲಿಲ್ಲ, ಮಕ್ಕಳಿಗೆ ಕೆಮ್ಮು ಹತ್ತೀತು ಎನ್ನುವವರ ಆತಂಕ ಇರುತ್ತಿತ್ತು. ಅಂಥವರ ಮೇಲೆ ಹೇಗೆ ಜಗಳ ತೆಗೆಯುವುದು?

ಹೀಗೇ ನಡೆಯುತ್ತಿದ್ದರೆ ನಾನು ಇನ್ನೂ ನಾಲ್ಕು ಕಣ ಕಳೆದುಕೊಂಡು ಮನೆ ಬದಲಾಯಿಸುತ್ತಿದ್ದೆ, ಅಷ್ಟೇ. ಅಷ್ಟರಲ್ಲಿ ಅವರ ಮಗಳ ಮದುವೆಯ ಮಾತು ಬಂತು. ಒಬ್ಬಳೇ ಮಗಳು. ಓದು ಬಲ್ಲವಳು, ತಂದೆಯಂತೆ ಮೆತ್ತಗಿನವಳು. ಎರಡು ಸಂಬಂಧ ಬಂದು ಬಾಗಿಲವರೆಗೆ ಕೂಡ ಬಾರದೆ ಹಿಂದಕ್ಕೆ ಹೋಗಿದ್ದವು. ಕಾರಣ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಕಾರಣ ದಿನಾ ಬೆಳಿಗ್ಗೆ ನುಗ್ಗೆಮರದ ಮೇಲಿಂದ ತಾನೇ ಕೂಗಿ ಹೇಳುತ್ತಿತ್ತು. ಈಗ ಶಿರಾಳಕೊಪ್ಪದ ದೊಡ್ಡ ವ್ಯಾಪಾರದ ಮನೆಯವರು ಹುಡುಗಿ ನೋಡಲು ಬರುತ್ತೇವೆಂದಿದ್ದರು. ಬಹಳ ಆಚಾರವಂತರು. ಹುಡುಗನನ್ನು ಹುಡುಗಿ ಯಾವುದೋ ಮದುವೆಯಲ್ಲಿ ನೋಡಿದ್ದಳು, ಅವಳಿಗೆ ಮನಸ್ಸಿತ್ತು. ಇದೂ ತಪ್ಪಿದರೆ ಅವಳಿಗೆ ಈ ಸೀಮೆಯಲ್ಲಿ ಗಂಡು ಸಿಕ್ಕುವುದಿಲ್ಲ ಎಂದು ಅವ್ವಾರು ಊಟ ಬಿಟ್ಟು ಕೂತರು.

ಸಾಹುಕಾರರು ನನ್ನ ಮಷೀನಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಟೇಲರ್ರೇ, ಕೋಳಿ ನಿಮ್ಮವು ಅಂತ ಹೇಳಿಬಿಟ್ರ ಹೆಂಗ?" ಎಂದರು.

"ನಮ್ಮವು ಅಂದ್ರೆ, ಕೋಳಿ ತಿನ್ನೋರಿಗೆ ಮನೆ ಕೊಟ್ಟೀರಿ ಅನ್ನಲ್ವೇನ್ರೀ ಅವರು?"

"ಹಂಗಾರ ನೀವು ತಿನ್ನಂಗಿಲ್ಲ ಅಂತ ಹೇಳಾಣ."

"ತಿನ್ನದೇ ಇದ್ರೆ ಯಾಕೆ ಸಾಕ್ತೀವಿ ಅಂತ ಕೇಳಿದ್ರೆ?"

ಅಷ್ಟು ವರ್ಷ ಊರವರು ಅವರನ್ನು ಕೇಳಿದ್ದೂ ಇದನ್ನೇ.

ಕೊನೆಗೆ ನನ್ನ ಹೆಂಡತಿಯೇ ದಾರಿ ತೋರಿಸಿದಳು. ಗಂಡಿನ ಕಡೆಯವರು ಬಂದು ಹೋಗುವ ತನಕ ಕೋಳಿಗಳು ಉಳವಿಯಲ್ಲಿ ತನ್ನ ಅಪ್ಪನ ಮನೆಯಲ್ಲಿ ಇರಲಿ, ಅಲ್ಲಿ ಅಂಗಳ ಬೇಕಾದಷ್ಟಿದೆ ಎಂದಳು. ಸಾಹುಕಾರರು ಅವಳ ಕೈಯಲ್ಲಿ ವಿಭೂತಿ ಗಟ್ಟಿ ಇಟ್ಟರು. ಅವಳು ಆಣೆ ಮಾಡಿದಳು, ಅಪ್ಪನಿಗೆ ಹೇಳಿಸುತ್ತೇನೆ, ಒಂದು ಪುಕ್ಕವೂ ಕೊಂಕುವುದಿಲ್ಲ ಎಂದು. ದೀಪಾವಳಿ ಕಳೆದು ನಾವೇ ಹೋಗಿ ಬಿಟ್ಟುಬರುವುದೆಂದು ಮಾತಾಯಿತು.

ಗಂಡಿನ ಕಡೆಯವರು ಹೇಳಿದ ದಿನಕ್ಕಿಂತ ಮೊದಲೇ ಬರುತ್ತಾರೆಂದು ಸುದ್ದಿ ಬಂದದ್ದೇ ಎಲ್ಲ ತಲೆಕೆಳಗಾಯಿತು. ಅವ್ವಾರು ನನ್ನ ಹೆಂಡತಿಯನ್ನು ಕರ್ಜಿಕಾಯಿ ಮಾಡಲು ಕೂರಿಸಿಕೊಂಡರು, ಅಪ್ಪನಿಗೆ ಹೇಳಿಕಳಿಸಲು ಅವಳಿಗೆ ಪುರಸೊತ್ತಾಗಲಿಲ್ಲ. ನಾನು ಹುಡುಗಿಯ ಕುಪ್ಪಸ ಮುಗಿಸಬೇಕು. ಸಾಹುಕಾರರು ತಾವೇ ಎರಡು ಬಿದಿರು ಬುಟ್ಟಿಗಳಲ್ಲಿ ಕೋಳಿಗಳನ್ನು ತುಂಬಿ, ಬಲೆ ಕಟ್ಟಿ, ಸೊರಬದ ಬಸ್ಸಿಗೆ ಏರಿಸಲು ಹೊರಟರು. ನಾನು ಬಾಗಿಲಿಗೆ ಬಂದು ನೋಡುತ್ತೇನೆ, ಎರಡೂ ಬುಟ್ಟಿಯ ಮೇಲೆ ತೆಂಗಿನಕಾಯಿ, ಎಲೆ-ಅಡಿಕೆ, ಅರಿಶಿನ-ಕುಂಕುಮದ ಪೊಟ್ಟಣ.

"ಇದೆಲ್ಲ ಯಾಕ್ರೀ ಸಾವ್ಕಾರ್ರೇ?"

"ಏನ್ರೀ ಹಂಗಂದ್ರ? ಬರೀ ಬುಟ್ಟಿ ಕಳಿಸಾಕ ನಿಮ್ಮ ಮಾವ ನಮ್ಮನಿ ಆಳೇನು? ಒಂದು ಮನಿಗೆ ಮೊದಲನೇ ಸಲ ಒಂದು ಸಾಮಾನು ಕಳಿಸಬೇಕಾರ ಒಂದು ರೀತಿ ರಿವಾಜು ಇಲ್ಲೇನು?"

ಬುಟ್ಟಿ ಏರಿಸಿ ಬಂದ ಮೇಲೆ, 'ಸಾವ್ಕಾರರು ಕೊಟ್ಟಿದ್ದಾರೆ, ಜ್ವಾಕಿಯಿಂದ ನೋಡಿಕೊಳ್ಳಬೇಕಂತೆ' ಎಂದು ತಿಳಿಸಲು ಡ್ರೈವರನಿಗೆ ಹೇಳಿ ಕಳಿಸಿದ್ದೇನೆ ಎಂದರು. ಆ ಡ್ರೈವರು ಸೊರಬದಲ್ಲಿ ಉಳವಿ ಬಸ್ಸಿನ ಕಂಡಕ್ಟರನಿಗೆ ಹೇಳಿದ. ಆ ಕಂಡಕ್ಟರು ನಮ್ಮ ಮಾವನಿಗೆ ಹೇಳಿದ್ದು, "ಶಿಕಾರಿಪುರದ ಸಾವ್ಕಾರ್ರು ಕೊಟ್ಟಿದಾರೆ" ಎಂದಷ್ಟೆ.

ಹುಡುಗಿ ನೋಡುವ ಶಾಸ್ತ್ರ ಚೆನ್ನಾಗಿಯೇ ಆಯಿತು. ಹಿತ್ತಲನ್ನು ಸೆಗಣಿಯಿಂದ ಸಾರಿಸಿ ರಂಗೋಲಿ ಹಾಕಿತ್ತು. ಗಂಡಿನ ತಂದೆ ಕೈತೊಳೆಯುವ ನೆಪದಲ್ಲಿ ಬಾವಿಯವರೆಗೆ ಬಂದು ನುಗ್ಗೆಮರದ ಬುಡ, ಮೂಲೆ ಮೂಲೆ ಎಲ್ಲ ನೋಡಿಕೊಂಡು ಒಳಗೆ ಹೋದರು. ಸಂಜೆಯೊಳಗೆ ಮಾತು ಗಟ್ಟಿಯಾಯಿತು. ಅವ್ವಾರು ಅವತ್ತು ಮೊದಲ ಸಲ ಹೊಸ್ತಿಲು ದಾಟಿ ಹಿತ್ತಲಿಗೆ ಬಂದು ನನ್ನ ಹೆಂಡತಿಯ ಕೈಗೆ ಕರ್ಜಿಕಾಯಿ ಕೊಟ್ಟರು. ಸಾಹುಕಾರರು ಮಾತ್ರ ಖಾಲಿ ನುಗ್ಗೆಮರ ನೋಡುತ್ತ, "ನಾಳೆ ಉಳವಿಗೆ ಹೋಗಾಣೇನ್ರೀ" ಎಂದು ಪಿಸುಗುಟ್ಟಿದರು. "ಅವನ್ನ ಅಲ್ಲೇ ಇಟ್ರಾತು. ನಾನು ಆಗಾಗ ಹೋಗಿ ನೋಡ್ಕೊಂಡು ಬರ್ತೀನಿ." ಹಾಗೆ ನಾಳೆ ನಾಳೆ ಎಂದು ಹಬ್ಬ ಕಳೆದ ಮೇಲೆ ನಾನೂ ಅವರೂ ಹೊರಟೆವು. ಬಸ್ಸಿನಲ್ಲಿ ನುಚ್ಚಿನ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ದಾರಿಯುದ್ದಕ್ಕೂ ಅವರು ಕೋಳಿಗಳ ಸ್ವಭಾವ ಹೇಳಿದ್ದೇ ಹೇಳಿದ್ದು. ಕೆಂಪು ಹುಂಜಕ್ಕೆ ಸಿಟ್ಟು ಜಾಸ್ತಿ. ಬೂದು ಹೇಂಟೆ ಅಳುಬುರುಕಿ. ನಾನು ನಿದ್ದೆ ಬಂದವನ ಹಾಗೆ ನಟಿಸಿದೆ.

ಮಾವನ ಮನೆಯ ಅಂಗಳದಲ್ಲಿ ಕೆಲವು ಗಿಡ್ಡ ಕೋಳಿಗಳು ಕೆದಕಿಕೊಂಡು ಓಡಾಡುತ್ತಿದ್ದವು. ಸಾಹುಕಾರರ ಮುಖ ಅರಳಿತು. ಕಣ್ಣಿನಲ್ಲೇ ಒಂದೊಂದನ್ನೂ ಹುಡುಕುತ್ತ ಬಂದರು. ಆಮೇಲೆ ಅವರ ಕಣ್ಣು ಬೂದಿಗುಂಡಿಯ ಕಡೆ ಹೋಗಿ ಅಲ್ಲೇ ನಿಂತಿತು. ಬೂದಿಯ ಮೇಲೆ ಕೆಂಪು ಪುಕ್ಕಗಳಿದ್ದವು. ಉದ್ದನೆಯ ಬಾಲದ ಪುಕ್ಕ.

ಮಾವ ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತ ಓಡಿಬಂದರು. ಅವರು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ನನ್ನ ಮದುವೆಯಲ್ಲೂ ನೋಡಿರಲಿಲ್ಲ.

"ಬನ್ನಿ, ಬನ್ನಿ ಸಾವ್ಕಾರ್ರೆ! ಎಂಥ ದೊಡ್ಡ ಮನ್ಸು ಮಾರಾಯ್ರೆ ನಿಮ್ದು! ಎಲೆ-ಅಡಿಕೆ, ಕಾಯಿ ಇಟ್ಟು ನಮ್ಮಂಥೋರ ಮನೆಗೆ ಈವರ್ಗೂ ಯಾವ ಸಾವ್ಕಾರ್ರು ಉಡುಗೊರೆ ಕಳ್ಸಿದ್ರು ಹೇಳಿ? ಇಡೀ ಕೇರಿಗೇ ತೋರ್ಸ್ದೆ. ಹಬ್ಬ ಕಳ್ದು ನಮ್ ಹಿರಿಯರಿಗೆ ಎಡೆ ಇಡೋದಿತ್ತು. ಸರಿಯಾದ ಹೊತ್ತಿಗೆ ಬಂತು ನೋಡಿ. ನಮ್ಮಪ್ಪಂಗೆ ಬದುಕಿದ್ದಾಗ ಹುಂಜ ಅಂದ್ರೆ ಪ್ರಾಣ. ಈ ಸಲ ಅವ್ರ ಎಡೆಗೆ ಸಾವ್ಕಾರ್ರ ಮನೆ ಹುಂಜ!"

ನನ್ನ ಹೆಂಡತಿಯ ಆಣೆ, ಸಾಹುಕಾರರ ಕೂಗಾಟ, ಮಾವನ ಅವಮಾನ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. "ಮಾವಾ, ಅದು..." ಎಂದು ಬಾಯಿ ತೆರೆದೆ. ಸಾಹುಕಾರರು ನನ್ನ ಮುಂಗೈಯನ್ನು ಹಿಡಿದು ಹಿಂಡಿದರು. ಅಂಗಡಿಯಲ್ಲಿ ಬೆಲ್ಲದ ಪೆಂಟೆ ಒಡೆಯುವ ಕೈ.

"ಹಿರಿಯರಿಗೆ ಎಡಿ ಇಟ್ರೇನು?" ಎಂದು ಕೇಳಿದರು.

"ಇಟ್ವಿ. ಬಾಳೆಲೆ ತುಂಬ."

"ರುಚಿ ಆಗಿತ್ತೇನು?"

"ಅದನ್ನ ಕೇಳ್ಬೇಕಾ ಸಾವ್ಕಾರ್ರೆ? ಗಾತ್ರ ಸಣ್ಣದು, ರುಚಿ ನಾಟಿ ಕೋಳೀನ ಮೀರಿಸ್ತು."

"ಆಗಲಿ, ಬಾಳ ಸಂತೋಷ" ಎಂದರು ಸಾಹುಕಾರರು. "ನಿಮಗ ಅಂತಾನೇ ಕಳಿಸಿದ್ದೆ. ಹಬ್ಬದೊಳಗ ಮುಟ್ತೈತೋ ಇಲ್ಲೋ ಅಂತ ಇತ್ತು."

ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಕರಡಿಗೆ ಎದೆಯ ಮೇಲೆ ಇಟ್ಟುಕೊಂಡು ಆ ಮನುಷ್ಯ ಇಂಥ ಹಸಿ ಸುಳ್ಳು ಹೇಳಿದರು. ಮಾವ ಉಬ್ಬಿಹೋದರು. ಉಳಿದವನ್ನು ಒಂದೇ ಸಲಕ್ಕೆ ಮುಗಿಸದೆ ಹಬ್ಬಕ್ಕೆ ಒಂದೊಂದು ಎಂದು ಇಟ್ಟುಕೊಂಡಿದ್ದೇವೆ ಎಂದರು. ಸಾಹುಕಾರರು ಅದಕ್ಕೂ ತಲೆಯಾಡಿಸಿದರು. ಅಷ್ಟರಲ್ಲಿ ಬೂದು ಹೇಂಟೆ ಅವರನ್ನು ಗುರುತು ಹಿಡಿದು ಲೊಕ್ ಲೊಕ್ ಎನ್ನುತ್ತ ಓಡಿಬಂದು ಅವರ ಚಪ್ಪಲಿಯ ಸುತ್ತ ತಿರುಗತೊಡಗಿತು. ಅವರು ಬಗ್ಗಲಿಲ್ಲ. ನುಚ್ಚಿನ ಗಂಟನ್ನು ಬೆನ್ನ ಹಿಂದೆ ಹಿಡಿದರು.

"ನೋಡಿ, ಯಜಮಾನ್ರ ಗುರ್ತು ಹಿಡೀತು" ಎಂದರು ನಮ್ಮ ಮಾವ.

"ಏ, ಎಲ್ಲಾ ಕೋಳಿನೂ ಹಂಗೇ ರೀ. ಕಾಳು ಐತಿ ಅನ್ಕೊಂಡಿರ್ತಾವ" ಎಂದರು ಸಾಹುಕಾರರು.

ನಮ್ಮ ಅತ್ತೆ ಬಾಗಿಲ ಸಂದಿಯಲ್ಲಿ ಒದ್ದಾಡುತ್ತಿದ್ದರು. ಇಷ್ಟು ದೊಡ್ಡ ಉಡುಗೊರೆ ಕೊಟ್ಟವರಿಗೆ ತಿರುಗಿ ಏನು ಕೊಡುವುದು? ಲಿಂಗಾಯತರು, ನಮ್ಮ ಮನೆಯಲ್ಲಿ ಏನನ್ನೂ ಮುಟ್ಟುವುದಿಲ್ಲ. ಎಳನೀರು ಇಳಿಸುತ್ತೇನೆ ಎಂದು ಮಾವ ಕತ್ತಿ ಹುಡುಕತೊಡಗಿದರು. ಸಾಹುಕಾರರು ಜಗಲಿಯ ಮೇಲೆ ಕೂತು, "ಎಳನೀರು ಯಾಕ್ರೀ, ನಾನೇನು ಜಡ್ಡಿನ ಮನುಷ್ಯ ಏನು? ಬೆಲ್ಲ ನೀರು ಕೊಡ್ರೆವ್ವಾ, ಬಾಯಾರೈತಿ" ಎಂದರು. ಅತ್ತೆ ನಂಬಲಿಲ್ಲ. ನನ್ನ ಮುಖ ನೋಡಿದರು. ಆಮೇಲೆ ತಂಬಿಗೆಯನ್ನು ಎರಡು ಸಲ ತೊಳೆದು ಒಳಗಿನ ಹಂಡೆಯ ನೀರನ್ನು ತಂದುಕೊಟ್ಟರು. ಆ ಒಳಮನೆಯಲ್ಲೇ ಕೆಂಪು ಹುಂಜ ಬೆಂದದ್ದು. ಸಾಹುಕಾರರು ಬೆಲ್ಲ ಕಚ್ಚಿ, ತಂಬಿಗೆಯನ್ನು ತುಟಿಗೆ ಹಚ್ಚಿ ಪೂರ್ತಿ ಕುಡಿದರು. ಅವರು ತಮ್ಮ ಮನೆಯ ಹೊರಗೆ ಯಾರ ಮನೆಯಲ್ಲಾದರೂ ನೀರು ಕುಡಿದದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅವರ ಮೇಲೆ ಹರಿಹಾಯ್ದೆ. ಅಷ್ಟು ದಿನದ ಸಿಟ್ಟೆಲ್ಲ ಹೊರಬಂತು. ಹೋದವು ಹೋದವು, ಉಳಿದವನ್ನಾದರೂ ಕೇಳಬಹುದಿತ್ತಲ್ಲ? ಒಂದೇ ಒಂದು ಮಾತು ಆಡಿದ್ದರೆ ಮಾವ ಅಷ್ಟನ್ನೂ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದರಲ್ಲ? ಊರವರ ಹತ್ತಿರವೆಲ್ಲ ಆಣೆ ಹಾಕಿಸಿಕೊಂಡು, ನನ್ನ ರೇಷ್ಮೆ ಹಾಳು ಮಾಡಿಸಿ, ನಮ್ಮನ್ನು ಬದನೆಕಾಯಿ ತಿನ್ನಿಸಿ, ಕೊನೆಗೆ ತಾವೇ ಎಲ್ಲವನ್ನೂ ಕತ್ತಿಗೆ ಒಪ್ಪಿಸಿ ಬಂದಿರಲ್ಲ ಎಂದೆ. ಪಕ್ಕದ ಸೀಟಿನವರು ತಿರುಗಿ ನೋಡುತ್ತಿದ್ದರು.

ಸಾಹುಕಾರರು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು: "ಎಡಿ ಇಟ್ಟಾರ್ರೀ ಅವ್ರು. ತಮ್ಮ ಅಪ್ಪಗ. ನಾನು ಕೊಟ್ಟಿದ್ದಲ್ಲ ಅಂದಿದ್ರ, ಅವ್ರು ಮಂದಿ ಸೊತ್ತು ತಗೊಂಡು ಸತ್ತೋರಿಗೆ ಉಣಿಸ್ದಂಗ ಆಗ್ತಿತ್ತು. ಅದನ್ನ ಅವ್ರು ಹೆಂಗ ಹೊತ್ಕೊಂಡು ತಿರಗಬೇಕು?"

"ಅವು ಕೊಯ್ಸಿಕೊಂಡು ಸಾಯ್ತಾವಲ್ಲ, ಅದು?"

"ಅದು ನನ್ನ ಪಾಲಿಂದು" ಎಂದರು. ಸೊರಬದಲ್ಲಿ ಬಸ್ಸು ಬದಲಾಯಿಸುವಾಗ ನುಚ್ಚಿನ ಗಂಟು ಸೀಟಿನಲ್ಲೇ ಉಳಿಯಿತು. ನಾನು ತಂದುಕೊಡಲು ಹೋದರೆ ಬೇಡವೆಂದು ಕೈಯಾಡಿಸಿದರು. ಮನೆಗೆ ಬಂದು ನನ್ನ ಹೆಂಡತಿ, ನಾನು ಇಬ್ಬರ ಹತ್ತಿರವೂ ವಿಭೂತಿ ಗಟ್ಟಿ ಮುಟ್ಟಿಸಿ, ಈ ವಿಷಯ ಮಾವನಿಗೆ ಎಂದೂ ಹೇಳಕೂಡದು ಎಂದು ಆಣೆ ಹಾಕಿಸಿಕೊಂಡರು. ಹೆಂಡತಿ ಮೂರು ದಿನ ಅತ್ತಳು. ಅವಳನ್ನು ಸಮಾಧಾನ ಮಾಡಿದವರೂ ಅವರೇ. ತಮ್ಮ ಎಲೆ-ಅಡಿಕೆಯದೇ ತಪ್ಪು, ನಿನ್ನದೇನೂ ಇಲ್ಲ ತಂಗಿ ಎಂದು.

ಮಗಳ ಮದುವೆ ಚೆನ್ನಾಗಿ ಆಯಿತು. ಹಿತ್ತಲು ಎಷ್ಟು ಸ್ವಚ್ಛವಾಗಿತ್ತೆಂದರೆ ನನಗೆ ಕೆಲಸ ಮಾಡಲು ಬೇಜಾರಾಗುತ್ತಿತ್ತು. ಇದನ್ನು ಹೇಳುವುದಕ್ಕೂ ಸಿಟ್ಟು ಬರುತ್ತದೆ. ಬೆಳಿಗ್ಗೆ ಸಾಹುಕಾರರು ಅಭ್ಯಾಸದಂತೆ ಹಿತ್ತಲಿಗೆ ಬಂದು, ಮಾಡಲು ಏನೂ ಕೆಲಸವಿಲ್ಲದೆ, ಬಾವಿಯಿಂದ ಒಂದು ಕೊಡ ನೀರು ಸೇದಿ ನುಗ್ಗೆಮರಕ್ಕೆ ಹಾಕಿ ಒಳಗೆ ಹೋಗುತ್ತಿದ್ದರು.

ನನ್ನ ಮಾವನಿಗೆ ಅವರ ಮೇಲೆ ಬೆಳೆದ ಪ್ರೀತಿಯೇ ಒಂದು ಶಿಕ್ಷೆಯಾಯಿತು. ಶಿಕಾರಿಪುರಕ್ಕೆ ಬಂದಾಗಲೆಲ್ಲ ಮೊದಲು ಸಾಹುಕಾರರ ಅಂಗಡಿಗೆ ಹೋಗಿ ಸಮಾಚಾರ ಒಪ್ಪಿಸುತ್ತಿದ್ದರು. ಸಂಕ್ರಾಂತಿಗೆ ಚುಕ್ಕೆ ಹುಂಜ. ಯುಗಾದಿ ಮಾರನೇ ದಿನ ಎರಡು, ನೆಂಟರು ಬಂದಿದ್ದರು. ಸಾಹುಕಾರರು ಗಲ್ಲಾಪೆಟ್ಟಿಗೆಯ ಮುಂದೆ ನೇರವಾಗಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ಯಾವುದು, ಬಿಳೀ ಬಾಲದ್ದೇನು?" ಎಂದು ಕೇಳುತ್ತಿದ್ದರು. ಹೌದು ಎಂದರೆ, "ಅದು ಮೈ ಹಿಡಿದಿತ್ತು ಬಿಡ್ರಿ" ಎಂದು ಮಾವನ ಕೈಗೆ ಬೆಲ್ಲದ ಅಚ್ಚು ಕೊಟ್ಟು ಕಳಿಸುತ್ತಿದ್ದರು. ನಾನು ಒಂದು ಸಲ ಪಕ್ಕದಲ್ಲಿದ್ದೆ. ತಡೆಯಲಾರದೆ ಎದ್ದು ಹೊರಗೆ ಬಂದು ಬೀದಿಯಲ್ಲಿ ನಿಂತೆ.

ಮುಂದಿನ ಮಳೆಗಾಲದಲ್ಲಿ ಮಾವ ಅಂಗಡಿಗೆ ಹೋಗದೆ ನೇರ ನಮ್ಮ ಹಿತ್ತಲಿಗೆ ಬಂದರು. ತಪ್ಪು ಮಾಡಿದವರ ಹಾಗೆ ಕೂತರು. ಸಾಹುಕಾರರನ್ನೂ ಅಲ್ಲಿಗೇ ಕರೆಸಿದರು.

"ನಿಮ್ಗೊಂದು ಮಾತು ಹೇಳ್ಬೇಕು ಸಾವ್ಕಾರ್ರೆ, ಬೇಜಾರು ಮಾಡ್ಕಬೇಡಿ. ಎಲ್ಲಾ ಆಯ್ತು, ಆ ಬೂದು ಹೇಂಟೆ ಒಂದು ಉಳ್ದೈತೆ. ನಮ್ಮನೆಯೋಳು ಕೊಯ್ಯಕ್ಕೆ ಬಿಡ್ತಾ ಇಲ್ಲ. ನಮ್ ನಾಟಿ ಕೋಳಿ ಮೊಟ್ಟೆನೆಲ್ಲ ಅದೇ ಕಾವು ಕೂತು ಮರಿ ಮಾಡ್ತೈತೆ. ತನಗಿಂತ ದೊಡ್ಡ ಮರಿಗಳ್ನ ಹಿಂದೆ ಕಟ್ಕಂಡು ತಿರುಗ್ತೈತೆ. ನೀವು ಪ್ರೀತಿಯಿಂದ ತಿನ್ನಕ್ಕೆ ಅಂತ ಕೊಟ್ಟಿದ್ದು, ನಾವು ಹಂಗೇ ಇಟ್ಕಂಡ್ವಿ. ಉಡುಗೊರೆಗೆ ಅಮರ್ಯಾದೆ ಆಯ್ತೇನೋ ಅಂತ..."

ನಾನು ಸಾಹುಕಾರರ ಮುಖ ನೋಡಿದೆ. ಈಗಲಾದರೂ ನಗುತ್ತಾರೆ ಅಂದುಕೊಂಡೆ. ಅವರು ಹುಬ್ಬು ಗಂಟಿಕ್ಕಿದರು.

"ಅಲ್ರೀ, ಕೊಟ್ಟಿದ್ದನ್ನ ತಿನ್ನದಂಗ ಇಟ್ಕೊಂಡ್ರ ಕೊಟ್ಟೋರಿಗೆ ಏನನ್ನಿಸಬೇಕು?" ಎಂದು ನಿಜವಾಗಿಯೇ ಗದರಿದರು. "ಆಗಲಿ. ಹೆಣ್ಮಕ್ಕಳು ಬ್ಯಾಡ ಅಂದಮ್ಯಾಲೆ ಅವ್ರ ಮಾತು ಮೀರಬ್ಯಾಡ್ರಿ. ಇರಲಿ ಬಿಡ್ರಿ ಅದು."

ಮಾವ ಸಮಾಧಾನವಾಗಿ ಬಸ್ಸು ಹತ್ತಲು ಎದ್ದರು. ಅವರು ಬಾಗಿಲು ದಾಟಿದ್ದೇ ತಡ, ಸಾಹುಕಾರರು ನನ್ನ ಹೆಂಡತಿಯ ಹತ್ತಿರ ಬಂದು ನಿಂತರು.

"ತಂಗೀ, ಓಡಿಹೋಗಿ ನಿಮ್ಮಪ್ಪಗ ಹೇಳವ್ವ. ಮಳಿಗಾಲ. ಆ ಹೇಂಟಿ ಕಾಲಾಗ ಪುಕ್ಕ ಅದಾವು, ಹಸಿ ನೆಲದ ಮ್ಯಾಲೆ ಬಿಟ್ರ ಬೆರಳು ಕೊಳೀತಾವ. ಒಣ ಹುಲ್ಲು ಹಾಸಿ, ಬುಟ್ಟಿ ಎತ್ತರದಾಗ ಇಡಬೇಕು. ಜಲ್ದಿ ಹೋಗು. ನಾನು ಹೇಳಿದೆ ಅನ್ನಬ್ಯಾಡ ಮತ್ತ."

ಅವಳು ಬಸ್‌ಸ್ಟ್ಯಾಂಡಿನವರೆಗೆ ಓಡಿಹೋಗಿ ಹೇಳಿಬಂದಳು. ಯಾರು ಹೇಳಿದ್ದು ಎಂದು ಅಪ್ಪ ಕೇಳಿದರೆ, ಬೇರೆ ಹೆಸರು ಬಾಯಿಗೆ ಬಾರದೆ ನನ್ನ ಹೆಸರು ಹೇಳಿದಳು. ಅಂದಿನಿಂದ ಪ್ರತಿ ಮಳೆಗಾಲಕ್ಕೂ ಪ್ರತಿ ಚಳಿಗಾಲಕ್ಕೂ ಸಾಹುಕಾರರ ಬಾಯಿಂದ ಹೊರಟ ಹೊಸ ಹೊಸ ಎಚ್ಚರಿಕೆಗಳು ನನ್ನ ಹೆಸರಿನಲ್ಲಿ ಉಳವಿಗೆ ಹೋದವು. ನನ್ನ ಮಾವ ಸಾಯುವ ತನಕವೂ, ಸಾಹುಕಾರರು ದೊಡ್ಡ ಮನಸ್ಸಿನ ಗಂಭೀರ ಮನುಷ್ಯರು, ತನ್ನ ಅಳಿಯನಿಗೇ ಕೋಳಿಯ ಹುಚ್ಚು ಎಂದು ನಂಬಿದ್ದರು.